ಅಳತೆಯ ನೀರು ಕಟ್ಟಿಕೊಂಡು ದೋಣಿ ಪಂದ್ಯಕ್ಕೆ

ಹೋದ ತಿಂಗಳು ಬಸವನ ಬಾಗೇವಾಡಿಯಲ್ಲಿ ಕೆಲಸ ಮುಗಿಸಿಕೊಂಡು ಬೀಳಗಿಗೆ ಹೊರಟಿದ್ದೆ. ಕೊಲ್ಹಾರದ ಸೇತುವೆಯ ನಡುಮಧ್ಯೆ ಬಸ್ಸು ನಿಂತುಬಿಟ್ಟಿತು. ಮುಂದೆ ಕಬ್ಬಿನ ಟ್ರ್ಯಾಕ್ಟರೊಂದರ ಟ್ರೇಲರು ಅಡ್ಡ ತಿರುಗಿತ್ತು. ಹಸಿ ಮೀನು, ಕೆಸರು, ಬಿಸಿಲಿಗೆ ಕಾದ ನೀರು ಎಲ್ಲ ಸೇರಿದ ಒಂದು ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿದ್ದ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದಳು. ನಾನು ಮಾತ್ರ ಕಿಟಕಿಗೆ ಇನ್ನಷ್ಟು ಸರಿದು ಕುಳಿತೆ. ನನಗೆ ಇಪ್ಪತ್ತಾರು ತುಂಬಿದ್ದ ವರ್ಷದ ಬೇಸಿಗೆ ಆ ವಾಸನೆಯ ಬೆನ್ನು ಹತ್ತಿ ಇಡಿಯಾಗಿ ಬಂದಿತ್ತು.

ಆ ವರ್ಷ ನಾನು ಇಂಡಿ ಪಟ್ಟಣದ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಶಿಯನ್ ಆಗಿದ್ದೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ, ತೊಳೆದು, ಮತ್ತೆ ಮೈಗೆ ಬಿಡುವ ಕೆಲಸ. ಟೆಕ್ನಿಶಿಯನ್ ಎಂಬ ಶಬ್ದ ಯಾರ ಬಾಯಲ್ಲೂ ತಿರುಗುತ್ತಿರಲಿಲ್ಲ. ಎಲ್ಲರಿಗೂ ನಾನು 'ಸಿಸ್ಟರ್'. ಮುದ್ದೇಬಿಹಾಳದ ನನ್ನ ಮನೆಯಲ್ಲಿ ಒಂದು ಚಹಾ ಸರಿಯಾಗಿ ಕಾಸದ ಹುಡುಗಿ ಎಂದು ಹೆಸರಾಗಿದ್ದವಳು, ಅಲ್ಲಿ ಮೂರು ಯಂತ್ರ, ಮೂರು ಮಂಚಗಳ ಕೋಣೆಗೆ ಯಜಮಾನಿಯಾಗಿದ್ದೆ.

ಬುಧವಾರ ಮತ್ತು ಶನಿವಾರ ಬೆಳಗಿನ ಪಾಳಿಗೆ ಮೂವರು ಬರುತ್ತಿದ್ದರು. ಮೊದಲನೆಯ ಮಂಚ ಮಕ್ತುಮ್‌ಸಾಬರದು. ಅರವತ್ತು ದಾಟಿದವರು, ಮುಳುಗಡೆಯಾದ ಹಳೆಯ ಕೊಲ್ಹಾರದವರು. ಹರೆಯದಲ್ಲಿ ಹೊಳೆಯಲ್ಲಿ ದೋಣಿ ಹಾಕುತ್ತಿದ್ದರಂತೆ. ಊರು ನೀರಿಗೆ ಹೋದ ಮೇಲೆ ಇಂಡಿಗೆ ಬಂದು ಲಿಂಬೆಹಣ್ಣಿನ ಪೇಟೆಯಲ್ಲಿ ಹಣ್ಣು ಆರಿಸುವ ಕೆಲಸ ಹಿಡಿದಿದ್ದರು. ಎರಡನೆಯ ಮಂಚಕ್ಕೆ ಚಡಚಣದ ಕಡೆಯ ಶಾಂತವ್ವ. ದ್ರಾಕ್ಷಿ ತೋಟದಲ್ಲಿ ಆಳು ಮಕ್ಕಳನ್ನು ನಡುಗಿಸಿದ ದನಿ ಅವಳದು. ಆಸ್ಪತ್ರೆಯಲ್ಲೂ ಅದನ್ನು ಇಳಿಸಿದವಳಲ್ಲ. ಮೂರನೆಯವನು ಪ್ರಕಾಶ, ಮೂವತ್ತೆರಡರ ಗಣಿತ ಮಾಸ್ತರ. ಸಿಂದಗಿಯಲ್ಲಿ ಮಕ್ಕಳಿಗೆ ಟ್ಯೂಶನ್ ಹೇಳುತ್ತಿದ್ದ. ರೋಗ ಬಂದ ಮೇಲೆ ಅದನ್ನೂ ಬಿಟ್ಟಿದ್ದ. ನಾಲ್ಕು ತಾಸು ಗೋಡೆ ಕಡೆ ಮುಖ ಮಾಡಿ ಮಲಗಿ, ಮುಗಿದೊಡನೆ ಹೇಳದೆ ಕೇಳದೆ ಎದ್ದು ಹೋಗುತ್ತಿದ್ದ.

ಅವರೆಲ್ಲರ ದೊಡ್ಡ ಕಷ್ಟ ಸೂಜಿಯದಲ್ಲ, ನೀರಿನದು. ಕುಡಿದದ್ದು ಮೈಯಿಂದ ಹೊರಗೆ ಹೋಗುವುದಿಲ್ಲ. ಕಾಲಿಗೆ, ಮುಖಕ್ಕೆ, ಕೊನೆಗೆ ಪುಪ್ಪುಸಕ್ಕೆ ಇಳಿಯುತ್ತದೆ. ಅದಕ್ಕೇ ದಿನಕ್ಕೆ ಮುಕ್ಕಾಲು ಲೀಟರಿನ ಕಟ್ಟು. ಚಹಾ, ಸಾರು, ಗುಳಿಗೆ ನುಂಗುವ ನೀರು ಎಲ್ಲ ಅದರಲ್ಲೇ. ಇಂಡಿಯ ಏಪ್ರಿಲ್ ಬಿಸಿಲಿನಲ್ಲಿ ಮುಕ್ಕಾಲು ಲೀಟರು ಎಂದರೆ ಏನೆಂದು ಅಲ್ಲಿಯವರಿಗೇ ಗೊತ್ತು. "ಕನಸಿನ್ಯಾಗ ಸುದ್ದಾ ನಾ ಬರೇ ಕೊಡಾ ಎತ್ತಿ ಕುಡ್ಯಾಕತ್ತಿರ್ತೇನಿ ನೋಡ," ಎನ್ನುತ್ತಿದ್ದಳು ಶಾಂತವ್ವ.

ಆ ಏಪ್ರಿಲಿನಲ್ಲಿ ಪ್ರಕಾಶ ಎರಡು ಪಾಳಿ ತಪ್ಪಿಸಿದ. ಫೋನು ಮಾಡಿದರೆ, "ಬಂದ್ರೇನು, ಬಿಟ್ಟರೇನು ಸಿಸ್ಟರ್," ಎಂದ. ಮೂರನೆಯದನ್ನು ತಪ್ಪಿಸಿದ್ದರೆ ಅವನು ಉಳಿಯುತ್ತಿರಲಿಲ್ಲ. ಅವನ ಅಕ್ಕ ಕೈಹಿಡಿದು ಎಳೆದುಕೊಂಡು ಬಂದಾಗ ಉಸಿರಾಡಲು ಒದ್ದಾಡುತ್ತಿದ್ದ. ಯಂತ್ರ ಹಚ್ಚಿ ಎರಡು ತಾಸಾದ ಮೇಲೆ ಮುಖಕ್ಕೆ ಬಣ್ಣ ಬಂತು. ಆಗ ಮಕ್ತುಮ್‌ಸಾಬರು ಅಂಗಿಯ ಕಿಸೆಯಿಂದ ಮಡಚಿದ ಹಳದಿ ಕಾಗದವೊಂದನ್ನು ತೆಗೆದರು.

"ಸಿಸ್ಟರ್, ಇದನ್ನೊಂಚೂರು ಓದ್ರಿ. ನನ್ನ ಚಸ್ಮಾ ಮನ್ಯಾಗ ಉಳದೈತಿ."

ಕೊಲ್ಹಾರದ ಹಿನ್ನೀರಿನಲ್ಲಿ ಮುಂದಿನ ತಿಂಗಳು ಭಾನುವಾರ ದೋಣಿ ಪಂದ್ಯ ಎಂದಿತ್ತು. ಮೀನುಗಾರರ ದೋಣಿ, ಹರಗೋಲು, ಹೊರಗಿನಿಂದ ಬರುವ ನಾಲ್ಕು ಹುಟ್ಟಿನ ಉದ್ದನೆಯ ದೋಣಿಗಳು. ಮುಂಜಾನೆಯಿಂದ ಸಂಜೆಯ ತನಕ.

"ಮಿಶಿನ್ ಹಚ್ಚಿದಾಗಿಂದ ಹೊಳಿ ನೋಡಿಲ್ರಿ ನಾ," ಎಂದರು ಮಕ್ತುಮ್‌ಸಾಬರು. ಕೇಳಿಕೊಂಡದ್ದಲ್ಲ, ಹೇಳಿದ್ದು ಅಷ್ಟೇ. "ನಾ ಅಂತೂ ಹುಟ್ಟಿದಾಗಿಂದ ಅಷ್ಟು ನೀರ ನೋಡಿಲ್ಲಪಾ," ಎಂದಳು ಶಾಂತವ್ವ. ಪ್ರಕಾಶ ಬೆನ್ನು ಮಾಡಿ ಗೋಡೆ ಕಡೆಗೇ ಮಲಗಿದ್ದ. ನಾನು ಆ ಬೆನ್ನನ್ನೇ ನೋಡುತ್ತ ಅಂದುಬಿಟ್ಟೆ: "ಹೋಗೂಣು. ಎಲ್ಲಾರೂ ಹೋಗೂಣು."

ಮಧ್ಯಾಹ್ನ ಡಾಕ್ಟರ ಮುಂದೆ ನಿಂತಾಗ ಧೈರ್ಯ ಸ್ವಲ್ಪ ಕಡಿಮೆಯಾಗಿತ್ತು. ಅವರು ಕಾಗದವನ್ನು ಓದಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬ್ಯಾಸಗ್ಯಾಗ, ನೀರಡಿಸಿದ ಮಂದೀನ, ಹೊಳಿ ತೋರ್ಸಾಕ ಕರ್ಕೊಂಡ ಹೊಂಟೀಯಲ್ಲ! ನಿನ್ನ ತಲಿ ನೆಟ್ಟಗೈತೇನು?"

"ಇಲ್ಲಿ ಕುಂತ್ರೂ ಅವರು ನೀರಿಂದ ಯೋಚ್ನಿ ಮಾಡ್ತಾರ್ರಿ ಸರ್. ಅಲ್ಲಿ ಕುಂತ್ರ ದೋಣೀದರ ಮಾಡ್ತಾರ."

ಡಾಕ್ಟರು ನಗಲಿಲ್ಲ. ಆದರೆ ಪೆನ್ನು ಕೆಳಗಿಟ್ಟರು. "ಬಾಯಿ ಮಾತ ಬ್ಯಾಡ, ಬರದ ತೋರ್ಸು. ಯಾರ ಯಾವಾಗ ಎಷ್ಟ ಕುಡಿತಾರ, ಏನ ತಿಂತಾರ, ದಾರ್ಯಾಗ ಏನರ ಆದ್ರ ಎಲ್ಲಿ ಒಯ್ತಿ. ಹೊರಡೂ ಮುಂದ ತೂಕ, ಸಂಜೀಕ ಬಂದಿಂದ ಮತ್ತ ತೂಕ. ಒಬ್ಬರದರ ಒಂದ ಕಿಲೋ ಮ್ಯಾಲ ಏರಿದ್ರ, ಮುಂದ ಇಂಥಾ ಮಾತ ನನ್ನ ಮುಂದ ಎತ್ತಬಾರ್ದು."

ಆ ಬರೆಯುವ ಕೆಲಸವನ್ನು ನಾನೇ ಮಾಡಬಹುದಿತ್ತು. ಬೇಕೆಂದೇ ಮಾಡಲಿಲ್ಲ. ಬುಧವಾರ ಪ್ರಕಾಶನ ಮಂಚದ ಮೇಲೆ ಒಂದು ನೋಟುಬುಕ್ಕು ಇಟ್ಟೆ.

"ಡಾಕ್ಟರು ಲೆಕ್ಕ ಕೇಳ್ಯಾರ. ನನಗ ಲೆಕ್ಕ ಬರೂದಿಲ್ಲ."

"ಸುಳ್ಳ ಹೇಳಬ್ಯಾಡ್ರಿ ಸಿಸ್ಟರ್. ದಿನಾ ಮಿಶಿನ್ನಿಗೆ ಲೆಕ್ಕಾ ಹಾಕೂದು ಯಾರು?"

"ಅದು ಮಿಶಿನ್ನಿಂದು. ಇದು ಮಂದೀದು," ಎಂದು ಹೇಳಿ ಸೂಜಿ ಚುಚ್ಚಿ ಮುಂದೆ ಹೋದೆ.

ಒಂದು ತಾಸು ನೋಟುಬುಕ್ಕು ಹಾಗೇ ಬಿದ್ದಿತ್ತು. ಆಮೇಲೆ ಗೋಡೆ ಕಡೆಯಿಂದ ದನಿ ಬಂತು. "ಒಂದ ಐಸ್ ತುಂಡು ಕರಗಿದ್ರ ಎಷ್ಟ ಮಿಲೀ ಆಗ್ತೈತಿ?" ನನಗೆ ಗೊತ್ತಿರಲಿಲ್ಲ. ಫ್ರಿಜ್ಜಿನಿಂದ ಒಂದು ತುಂಡು ತಂದು ಬಟ್ಟಲಲ್ಲಿ ಕರಗಿಸಿ, ಸಿರಿಂಜಿನಲ್ಲಿ ಎಳೆದು ತೋರಿಸಿದೆ. ಹನ್ನೆರಡು ಮಿಲಿ. ಪ್ರಕಾಶ ಎದ್ದು ಕುಳಿತ. ಅವನು ಆ ಕೋಣೆಯಲ್ಲಿ ಎದ್ದು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನೀರಾದ್ರ ಒಂದ ಗುಟಕ. ಐಸ್ ಆದ್ರ ಐದ ನಿಮಿಷ ಬಾಯಾಗ ಇರ್ತೈತಿ. ಅರ್ಧಾ ಪಾಲು ಐಸಿನ ಲೆಕ್ಕಕ್ಕ ಹಾಕೂಣು."

"ಲಿಂಬಿಹಣ್ಣಿನ ಚೂರೂ ಬರಕೋ ಮಾಸ್ತರ," ಎಂದರು ಮಕ್ತುಮ್‌ಸಾಬರು. "ನಾಲಿಗಿಗೆ ಹಚ್ಚಿದ್ರ ಜೊಲ್ಲ ಬರ್ತೈತಿ, ಗಂಟಲಾ ಒಣಗೂದಿಲ್ಲ. ನಾನಽ ಆರಿಸಿ ತರ್ತೇನಿ, ತೆಳ್ಳನ ಸಿಪ್ಪೀವು."

"ಚಟ್ನಿಪುಡಿ?" ಎಂದಳು ಶಾಂತವ್ವ.

"ಉಪ್ಪೈತಿ, ಬ್ಯಾಡ," ಎಂದೆವು ಮೂವರೂ ಒಟ್ಟಿಗೆ.

"ಹಂಗಾರ ಬುತ್ತಿ ಅನ್ನಬ್ಯಾಡ್ರಿ ಅದಕ್ಕ," ಎಂದು ಅವಳು ಮಗ್ಗುಲಾದಳು.

ಮುಂದಿನ ಮೂರು ವಾರ ನಮ್ಮ ಕೋಣೆ ಮದುವೆ ಮನೆಯಾಯಿತು. ಪ್ರಕಾಶ ಒಂದು ಪಾಳಿಯನ್ನೂ ತಪ್ಪಿಸಲಿಲ್ಲ. ಗ್ರಾಫ್ ಹಾಳೆಯ ಮೇಲೆ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ತಾಸಿಗೊಂದು ಗೆರೆ ಎಳೆದ. ಮೂರು ಬಾಟಲಿಗಳಿಗೆ ಕಪ್ಪು ಶಾಯಿಯಲ್ಲಿ ಅಳತೆ ಹಾಕಿದ. ಪಂದ್ಯದ ಹಿಂದಿನ ದಿನ ಶನಿವಾರ ಡಯಾಲಿಸಿಸ್ ಇತ್ತು, ಹಾಗಾಗಿ ಭಾನುವಾರ ಮೈ ಹಗುರ. ಉಪ್ಪಿಲ್ಲದ ಜೋಳದ ರೊಟ್ಟಿ, ಬೇಯಿಸಿ ನೀರು ಬಸಿದ ಬದನೆಕಾಯಿ, ಕುತ್ತಿಗೆಗೆ ಹಾಕಲು ಒದ್ದೆ ಟವೆಲ್ಲು, ಎರಡು ಥರ್ಮಾಸಿನಲ್ಲಿ ಐಸು, ಮೂರು ಕೊಡೆ. ದಡದ ಹತ್ತಿರ ಮಕ್ತುಮ್‌ಸಾಬರ ತಂಗಿ ಬೀಬೀಜಾನರ ಮೀನು ಒಣಗಿಸುವ ಚಪ್ಪರವಿತ್ತು. ನೆರಳಿಗೆ ಅದೇ. ದಾರಿಯಲ್ಲಿ ತೊಂದರೆಯಾದರೆ ವಿಜಯಪುರದಲ್ಲಿ ಎಲ್ಲಿ ನಿಲ್ಲಬೇಕು ಎಂಬುದನ್ನೂ ಬರೆದೆವು. ಡಾಕ್ಟರು ಹಾಳೆಯನ್ನು ಎರಡು ಸಲ ಓದಿ, ಒಂದೇ ಒಂದು ತಿದ್ದುಪಡಿ ಮಾಡಿ ಸಹಿ ಹಾಕಿದರು. 'ಎಳನೀರು ಬೇಡ' ಎಂದು ಬರೆದು ಅದರ ಸುತ್ತ ಕೆಂಪು ಗುಂಡು ಎಳೆದು ಕೊಟ್ಟಿದ್ದರು. ಈ ರೋಗಿಗಳ ಎದೆಬಡಿತವನ್ನೇ ಕೆಡಿಸುವಂಥದ್ದು ಅದು. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬಂದವರಿಗೆ ಮೊದಲು ಕೊಡುವುದೂ ಅದೇ.

ಪಂದ್ಯದ ದಿನ ಬೆಳಿಗ್ಗೆ ಐದೂವರೆಗೆ ತೂಕ ಮಾಡಿಸಿ ಟೆಂಪೋ ಹತ್ತಿದೆವು. ಶಾಂತವ್ವ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಮಕ್ತುಮ್‌ಸಾಬರು ಕಣ್ಣಿಗೆ ಸುರ್ಮಾ ಹಚ್ಚಿದ್ದರು. ಪ್ರಕಾಶ ಕೊರಳಿಗೆ ದಾರ ಕಟ್ಟಿ ಗ್ರಾಫ್ ಹಾಳೆಯ ರಟ್ಟನ್ನು ತೂಗುಹಾಕಿಕೊಂಡಿದ್ದ. ಪ್ರತಿ ತಾಸಿಗೆ ಅವನು "ಟೈಮ್" ಎಂದಾಗ ಮೂವರೂ ಬಾಟಲಿ ತೆಗೆಯುತ್ತಿದ್ದರು. ವಿಜಯಪುರ ದಾಟಿ ಇಳಿಜಾರಿಗೆ ಬಂದಾಗ ಹಿನ್ನೀರು ಒಮ್ಮೆಗೇ ಕಾಣಿಸಿತು. ಶಾಂತವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡು, "ಅಯ್ಯ ನನ್ನವ್ವ," ಎಂದಳು.

ಬೀಬೀಜಾನರು ದಡಕ್ಕೇ ಬಂದು ಕಾಯುತ್ತಿದ್ದರು. ಅಣ್ಣನನ್ನು ಚಪ್ಪರದಲ್ಲಿ ಕೂರಿಸಿ, ನಾನು ಸಾಮಾನು ಇಳಿಸುವಷ್ಟರಲ್ಲೇ ಕೆತ್ತಿದ ಎಳನೀರು ಕೈಗೆ ಕೊಟ್ಟಿದ್ದರು. ಸಾಬರು ಅದನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು. ಆಗ ನನಗೆ ತಿಳಿಯಿತು, ತಮ್ಮ ರೋಗದ ಬಗ್ಗೆ ತಂಗಿಗೆ ಇವರು ಏನೂ ಹೇಳಿಲ್ಲ.

"ಕುಡೀರಿ ಭಾಯಿ. ಬಿಸಲಾಗ ಬಂದೀರಿ."

"ಬ್ಯಾಡವ್ವ."

"ನಮ್ಮ ಮನೀದು ಬ್ಯಾಡೇನು? ಇಂಡಿಗೆ ಹೋದಿಂದ ದೊಡ್ಡವರಾದ್ರೇನು?" ಅವರ ಕಣ್ಣು ತುಂಬಿತು.

ನಾನು ನಡುವೆ ಬರಲು ಹೊರಟೆ. ಸಾಬರು ಕೈಸನ್ನೆಯಿಂದ ತಡೆದರು. ಎಳನೀರು ಕೆಳಗಿಟ್ಟು, ಎಡಗೈಯ ಅಂಗಿಯ ತೋಳು ಮಡಚಿದರು. ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಕೂಡಿಸಿ ಹೊಲಿದ ಜಾಗ ಅಲ್ಲಿ ಹಗ್ಗದಂತೆ ಉಬ್ಬಿತ್ತು. ತಂಗಿಯ ಬೆರಳು ಹಿಡಿದು ಅದರ ಮೇಲೆ ಇಟ್ಟರು. ಅಲ್ಲಿ ರಕ್ತ ಝುಮ್ಮೆಂದು ಹರಿಯುವುದು ಮುಟ್ಟಿದವರಿಗೆ ಗೊತ್ತಾಗುತ್ತದೆ.

"ಏನ ಇದು? ಜೇನುಹುಳ ಹೊಕ್ಕಂಗೈತಿ."

"ಇದರ ಮ್ಯಾಲಽ ನಾ ಬದುಕಾಕತ್ತೇನಿ. ವಾರಕ್ಕ ಎರಡ ಸಲ ರಕ್ತಾ ತೊಳೀತಾರ. ಎಳನೀರ ಕುಡದ್ರ ಇದು ನಿಲ್ತೈತಿ. ನಿನಗ ಹೇಳ್ಬೇಕಂತಽ ಬಂದೇನಿ."

ಬೀಬೀಜಾನರು ಬೆರಳು ತೆಗೆಯಲಿಲ್ಲ. ಆಮೇಲೆ ಎದ್ದು ಕಣ್ಣೊರೆಸಿಕೊಂಡು, ಆ ಎಳನೀರನ್ನು ನನ್ನ ಕಡೆ ಚಾಚಿದರು. "ಆಮ್ಯಾಲ ಕುಡೀತೇನ್ರಿ," ಎಂದು ಪಕ್ಕಕ್ಕಿಟ್ಟೆ. ನನ್ನ ರೋಗಿಗಳು ಮೂವರೂ ನೋಡುತ್ತಿದ್ದರು. ಅವರ ಎದುರಿಗೆ ಹೇಗೆ ಕುಡಿಯಲಿ? ಬೆಳಗಿನಿಂದಲೂ ನನ್ನ ಗಂಟಲಿಗೆ ಒಂದು ಹನಿ ಇಳಿದಿರಲಿಲ್ಲ. ಎಲ್ಲರ ನೀರಿನ ಲೆಕ್ಕ ಬರೆಸಿದವಳಿಗೆ ತನ್ನ ಬಾಟಲಿ ತರುವುದೇ ಹೊಳೆದಿರಲಿಲ್ಲ.

ಪಂದ್ಯ ಶುರುವಾಯಿತು. ಮೊದಲು ಹರಗೋಲುಗಳು. ಅರ್ಧ ದಾರಿಯಲ್ಲಿ ಬುಗುರಿಯಂತೆ ತಿರುಗಿ ಒಂದಕ್ಕೊಂದು ಬಡಿದಾಗ ದಡದ ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಮೀನುಗಾರರ ದೋಣಿಗಳು ಬಂದವು, ಅದು ನಗುವ ಮಾತಾಗಿರಲಿಲ್ಲ. ಮಕ್ತುಮ್‌ಸಾಬರು ಎದ್ದು ನಿಂತು, ಬಲಗೈ ಬೀಸುತ್ತ, "ಒತ್ತಬ್ಯಾಡ, ಎಳಿ! ಎಳಿಯೋ!" ಎಂದು ಕೂಗುತ್ತಿದ್ದರು. ಕೊನೆಗೆ ಸಪೂರ ಉದ್ದ ದೋಣಿಗಳು ಇಳಿದವು. ನಾಲ್ಕೂ ಹುಟ್ಟು ಒಟ್ಟಿಗೆ ಏಳುವುದು, ಒಟ್ಟಿಗೆ ಬೀಳುವುದು.

"ಎಲ್ಲಾರೂ ಬೆನ್ನ ಹಾಕ್ಕೊಂಡ ಕುಂತಾರಲ್ಲ!" ಎಂದಳು ಶಾಂತವ್ವ. "ಹೋಗೂ ದಾರಿ ಹೆಂಗ ಕಾಣ್ತೈತಿ ಅವರಿಗೆ?"

"ಹಿಂದಿನ ದಡದ ಮ್ಯಾಲ ಒಂದ ಗುರ್ತಾ ಹಿಡೀತಾರ. ಅದು ಅಲ್ಲಾಡದಿದ್ರ ದೋಣಿ ನೆಟ್ಟಗ ಹೊಂಟೈತಿ ಅಂತ," ಎಂದರು ಸಾಬರು. ದೂರದಲ್ಲಿ ದೋಣಿಗಳು ತಿರುಗಿಕೊಳ್ಳುವ ಕಡೆ ತೇಲುತ್ತಿದ್ದ ಕೆಂಪು ಡಬ್ಬಿ ತೋರಿಸಿ, "ಅಲ್ಲೇ ಕೆಳಗ ನಮ್ಮ ಓಣಿ. ಆ ದಂಡಿ ಮ್ಯಾಲ ನಾ ದೋಣಿ ಕಟ್ಟತಿದ್ದೆ," ಎಂದರು. ಅಷ್ಟು ಹೇಳಿ ಮತ್ತೆ ಪಂದ್ಯ ನೋಡತೊಡಗಿದರು.

ಪ್ರಕಾಶ ಹುಟ್ಟಿನ ಎಳೆತ ಎಣಿಸುತ್ತಿದ್ದ. ನೀಲಿ ದೋಣಿ ನಿಮಿಷಕ್ಕೆ ಕಡಿಮೆ ಸಲ ಎಳೆದರೂ ಮುಂದಿದೆ ಎಂದು ಶಾಂತವ್ವನಿಗೆ ಬಿಡಿಸಿ ಹೇಳುತ್ತಿದ್ದ. ಪಕ್ಕದಲ್ಲಿ ನಿಂತಿದ್ದ ಅಪರಿಚಿತರೂ ಕಿವಿಗೊಟ್ಟರು. ಅವನಿಗೆ ತನ್ನ ಮಾಸ್ತರಿಕೆಯ ದನಿ ತಿರುಗಿ ಸಿಕ್ಕಿತ್ತು.

ಒಂದು ಗಂಟೆಯ ಸುಮಾರಿಗೆ ಟವೆಲ್ಲು ಒದ್ದೆ ಮಾಡಿಕೊಂಡು ಬರಲು ನಾನು ದಡಕ್ಕೆ ಇಳಿದೆ. ಬಗ್ಗಿ ಏಳುವಾಗ ಹೊಳೆ ಓರೆಯಾಯಿತು. ಕೆಂಪು ಡಬ್ಬಿ ಎರಡಾಯಿತು. ಆಮೇಲೆ ಕೆಸರಿನ ವಾಸನೆ ಮೂಗಿಗೆ ತೀರ ಹತ್ತಿರ ಬಂದದ್ದು ಮಾತ್ರ ನೆನಪಿದೆ.

ಕಣ್ಣು ಬಿಟ್ಟಾಗ ಚಪ್ಪರದಲ್ಲಿ ಮಲಗಿದ್ದೆ. ನೆತ್ತಿಯ ಮೇಲೆ ಪ್ರಕಾಶ ಕೊಡೆ ಹಿಡಿದಿದ್ದ. ಎರಡೂ ಥರ್ಮಾಸಿನ ಐಸು ಟವೆಲ್ಲಿನಲ್ಲಿ ಸುತ್ತಿ ನನ್ನ ಕುತ್ತಿಗೆಯ ಸುತ್ತ ಇತ್ತು. ಅವರ ಪಾಲಿನ ಐಸು, ಹನ್ನೆರಡು ಹನ್ನೆರಡು ಮಿಲಿಯ ಲೆಕ್ಕದ ಐಸು.

"ಐಸ್ ಯಾಕ..." ಎಂದೆ.

"ಸುಮ್ನಿರು!" ಶಾಂತವ್ವನ ದನಿ ತೋಟದ್ದೇ ಆಗಿತ್ತು. "ಮುಂಜಾನಿಂದ ಎಷ್ಟ ನೀರ ಕುಡದೀ, ಹೇಳು."

ಪ್ರಕಾಶ ತನ್ನ ಹಾಳೆ ನೋಡಿ, "ಇದರಾಗ ನಿಮ್ಮ ಹೆಸರಽ ಇಲ್ಲ ಸಿಸ್ಟರ್. ತಪ್ಪ ನಂದು," ಎಂದ.

"ನಿಮ್ಮ ಮುಂದ ಹೆಂಗ ಕುಡೀಲಿ?" ಎಂದೆ. ಅಳು ಬಂತು. ಎಲ್ಲವನ್ನೂ ಸರಿಯಾಗಿ ಮಾಡಿದ್ದೇನೆ ಎಂಬ ನನ್ನ ಹೆಮ್ಮೆಯೆಲ್ಲ ಕೆಸರು ಮೆತ್ತಿದ ಚೂಡಿದಾರದಲ್ಲಿ ಬಿದ್ದಿತ್ತು.

ಶಾಂತವ್ವ ನನ್ನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. "ನಮಗ ಕುಡ್ಯಾಕಾಗಲ್ಲಂತ ನೀ ಬಿಟ್ಟರ ನಮ್ಮ ನೀರಡಿಕಿ ಇಂಗ್ತೈತೇನು? ನಾವು ನೀರಂದ್ರ ಹೊಟ್ಟಿಕಿಚ್ಚ ಪಡೂ ಮಂದಿ ಅನ್ಕೊಂಡಿಯೇನು? ಕುಡಿ. ನಾವು ನೋಡ್ತೇವಿ."

ಬೀಬೀಜಾನರು ಲಿಂಬೆಹಣ್ಣಿನ ಶರಬತ್ತು ತಂದರು. "ಗಡಬಡಿಸಬ್ಯಾಡ, ಒಂದೊಂದ ಗುಟಕ," ಎಂದು ಶಾಂತವ್ವ ಕುಡಿಸಿದಳು. ನೀರು ಕುಡಿಯುವುದು ಹೇಗೆಂದು ಅವರಷ್ಟು ಬಲ್ಲವರು ಯಾರಿದ್ದಾರೆ? ಮೂವರೂ ನನ್ನ ಗಂಟಲನ್ನೇ ನೋಡುತ್ತಿದ್ದರು. ಮೊದಲ ಲೋಟ ನಾಚಿಕೆಯಿಂದ ಕುಡಿದೆ. ಎರಡನೆಯದು ಮುಗಿದಾಗ ಮಕ್ತುಮ್‌ಸಾಬರು, "ಇನ್ನೊಂದ್ ಕುಡಿ ಬೇಟಿ, ಇದು ನನ್ನ ಪಾಲಿಂದು," ಎಂದರು. ಪ್ರಕಾಶ, "ಮತ್ತ ನಂದು?" ಎಂದ. ಎಲ್ಲರೂ ನಕ್ಕೆವು. ನಾಲ್ಕು ಲೋಟ ಕುಡಿದೆ. ಅವರ ಮುಖದಲ್ಲಿ ಆಸೆಯಿರಲಿಲ್ಲವೆಂದು ಸುಳ್ಳು ಹೇಳಲಾರೆ. ಆಸೆಯಿತ್ತು. ಅದರ ಜೊತೆಗೇ ಮಗುವಿಗೆ ಉಣ್ಣಿಸುವವರ ತೃಪ್ತಿಯೂ ಇತ್ತು.

ಕೊನೆಯ ಪಂದ್ಯ ಮುಗಿಯುವ ತನಕ ಕೂತೆವು. ಐಸಿಲ್ಲದ ಮಧ್ಯಾಹ್ನವನ್ನು ಅವರು ಲಿಂಬೆಯ ಚೂರುಗಳ ಮೇಲೆ ದಾಟಿಸಿದರು.

ಮಕ್ತುಮ್‌ಸಾಬರು ಎರಡು ವರ್ಷದ ನಂತರ ತೀರಿಕೊಂಡರು. ಆ ಎರಡೂ ವರ್ಷ ಬೀಬೀಜಾನರು ತಿಂಗಳಿಗೊಮ್ಮೆ ಇಂಡಿಗೆ ಬಂದು ಮಂಚದ ಪಕ್ಕ ಕೂರುತ್ತಿದ್ದರು. ಪ್ರಕಾಶನಿಗೆ ಅವನ ಅಕ್ಕನೇ ಮೂತ್ರಪಿಂಡ ಕೊಟ್ಟಳು. ಈಗ ಸಿಂದಗಿಯಲ್ಲಿ ಮತ್ತೆ ಲೆಕ್ಕ ಕಲಿಸುತ್ತಾನೆ. ನಾನು ಮುದ್ದೇಬಿಹಾಳಕ್ಕೆ ಬಂದೆ, ಇಲ್ಲೂ ಒಂದು ಕೋಣೆ, ಕೆಲವು ಯಂತ್ರಗಳು. ಯಾವ ಊರಿನ ಯಾವ ರೋಗಿಯ ಎದುರೂ ಈಗ ನಾನು ನಾಚದೆ ನೀರು ಕುಡಿಯುತ್ತೇನೆ.

ಆದರೆ ಆ ದಿನವೆಂದರೆ ನನಗೆ ಹೆಚ್ಚು ಕಾಡುವುದು ಸಂಜೆ ಆರೂವರೆಯ ಹೊತ್ತು. ಡಾಕ್ಟರು ತೂಕದ ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಮಕ್ತುಮ್‌ಸಾಬರು ಅರ್ಧ ಕಿಲೋ ಏರಿದ್ದರು, ಪ್ರಕಾಶ ಅದಕ್ಕಿಂತ ತುಸು ಹೆಚ್ಚು. ಶಾಂತವ್ವ ಏರಿರಲೇ ಇಲ್ಲ, ತುಸು ಇಳಿದಿದ್ದಳು. ಡಾಕ್ಟರು ಎರಡು ಸಲ ಹತ್ತಿಸಿ ಇಳಿಸಿದರು.

"ಏನವ್ವ, ಕುಡದಽ ಇಲ್ಲೇನು?"

ಅವಳು ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಮುಕ್ಕಾಲು ಪಾಲು ಹಾಗೇ ಇತ್ತು. ಪ್ರಕಾಶ ತನ್ನ ಹಾಳೆಯನ್ನು ನೋಡಿ, "ತಾಸಿಗೊಮ್ಮೆ ಬಾಯಿಗೆ ಹಚ್ಚಿದ್ದು ನಾ ನೋಡೇನಲ್ಲ!" ಎಂದ.

"ಹಚ್ಚೇನಿ. ನುಂಗಿಲ್ಲ," ಎಂದಳು. ಮತ್ತೆ ಡಾಕ್ಟರ ಕಡೆ ತಿರುಗಿದಳು. ದನಿ ಮೊದಲ ಸಲ ಸಣ್ಣದಾಗಿತ್ತು. "ಎರಡ ವರ್ಷ ಆತ್ರಿ, ಹಕ್ಕಿಹಂಗ ಗುಟಕ ಗುಟಕ ಕುಡದ. ಅಲ್ಲಿ ಆ ಹೊಳಿ ಕಂಡ ಕೂಡಲೇ ಮನಸ ಮಾಡಿದೆ. ಇವತ್ತಿನ ಪಾಲೆಲ್ಲಾ ಕೂಡಿಟ್ಟು ತುಂಬಿದ ಗಿಲಾಸ ಒಂದು ಒಮ್ಮಿಗೇ ಕುಡೀಬೇಕಂತ. ಕುಡೀಲೇನ್ರಿ?"

ಡಾಕ್ಟರು ಬಾಟಲಿಯ ಮೇಲಿನ ಕಪ್ಪು ಗೆರೆಗಳನ್ನು ನೋಡಿದರು, ತೂಕದ ಚೀಟಿಯನ್ನು ನೋಡಿದರು. ಎದ್ದು ಒಳಗೆ ಹೋಗಿ, ತಮ್ಮ ಮೇಜಿನ ಮೇಲಿನ ದೊಡ್ಡ ಗಾಜಿನ ಲೋಟ ತೊಳೆದು ತಂದುಕೊಟ್ಟರು.

ಶಾಂತವ್ವ ಬೆಂಚಿನ ಮೇಲೆ ಕಾಲು ಮಡಚಿ ಕೂತಳು. ಬಾಟಲಿಯ ನೀರಿನಿಂದ ಲೋಟ ಅಂಚಿನವರೆಗೆ ತುಂಬಿತು. ಸೆರಗು ಸರಿಮಾಡಿಕೊಂಡು, ಎರಡೂ ಕೈಯಿಂದ ಎತ್ತಿ, ಕಣ್ಣು ಮುಚ್ಚಿ, ಒಮ್ಮೆಯೂ ನಿಲ್ಲಿಸದೆ ಗಟಗಟ ಕುಡಿದಳು. ಗಲ್ಲದ ಮೇಲಿಂದ ಒಂದು ಎಳೆ ನೀರು ಕುತ್ತಿಗೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಮುಗಿದ ಮೇಲೆ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲಿ ಒಂದು ಹನಿ ಉಳಿದಿತ್ತು. ತಲೆ ಹಿಂದಕ್ಕೆ ಬಾಗಿಸಿ, ಲೋಟ ಬೋರಲು ಮಾಡಿ, ಅದು ತಾನಾಗಿ ನಾಲಿಗೆಗೆ ಬೀಳುವ ತನಕ ಕಾದಳು.